ಅರಿಶಿನದ ಡಬ್ಬಿ ಮತ್ತು ಸೀಸದ ಲೆಕ್ಕ

ನಮ್ಮ ಬೊರಿವಲಿಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೊಮ್ಮೆಯಾದರೂ ಒಂದು ಸಂದೇಶ ಸುತ್ತು ಹೊಡೆದು ಬರುತ್ತದೆ. ರಾತ್ರಿ ಮಲಗುವ ಮೊದಲು ಅರಿಶಿನ ಹಾಲು ಕುಡಿದರೆ ಮಿದುಳಿನಲ್ಲಿ ಸೇರಿಕೊಂಡ ಸೀಸ, ಪಾದರಸ ಎಲ್ಲ ತೊಳೆದು ಹೋಗುತ್ತದೆ ಅಂತ. ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಕಳಿಸುವವರು ಹಿರಿಯರು, ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ. ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿದವನು, ರಸಾಯನಶಾಸ್ತ್ರದ ನಂಟು ಹತ್ತನೇ ತರಗತಿಗೇ ತೀರಿಹೋಗಿತ್ತು. ಆದರೆ ಇಷ್ಟು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಯಾರೇ 'ಜಮಾ ಆಗಿದೆ' ಅಂದರೂ ವೋಚರ್ ಎಲ್ಲಿ ಅಂತ ಕೇಳುವುದು! ಹಾಗೆ ಈ ಅರಿಶಿನದ ವೋಚರ್ ಹುಡುಕುತ್ತ ಹೋದೆ. ಹುಡುಕಾಟ ನನ್ನನ್ನು ಅಮೆರಿಕಕ್ಕೆ, ಟ್ರಾಂಬೆಗೆ, ಬೆಂಗಳೂರಿನ ಕೋರಮಂಗಲಕ್ಕೆ, ಢಾಕಾಕ್ಕೆ ಎಳೆದುಕೊಂಡು ಹೋಯಿತು. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅನ್ನಿಸಿತು.

ಮೊದಲು ಸೀಸದ ವಿಷಯ. ಶಾಲೆಯಲ್ಲಿ ನಾವು ಬರೆಯುತ್ತಿದ್ದ 'ಸೀಸದ ಕಡ್ಡಿ'ಯಲ್ಲಿ ಸೀಸ ಇರಲೇ ಇಲ್ಲ, ಅದು ಗ್ರಾಫೈಟ್. ಹೆಸರು ಮಾತ್ರ ಉಳಿದಿದೆ. ನಿಜವಾದ ಸೀಸ ಇದ್ದದ್ದು ಬಾಗಿಲು ಕಿಟಕಿಗಳ ಬಣ್ಣದಲ್ಲಿ, ವಾಹನದ ಬ್ಯಾಟರಿಯಲ್ಲಿ, ಪೆಟ್ರೋಲಿನಲ್ಲಿ. ನಮ್ಮ ದೇಹಕ್ಕೆ ಅದರಿಂದ ಯಾವ ಉಪಯೋಗವೂ ಇಲ್ಲ. ಆದರೂ ಅದು ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಒಳಗೆ ನುಗ್ಗುತ್ತದೆ, ಇನ್ನೊಬ್ಬರ ಗುರುತುಚೀಟಿ ತೋರಿಸಿ ಖಾತೆ ತೆರೆದ ಹಾಗೆ. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತನೇ ಒಂದು ಭಾಗ ರಕ್ತಕ್ಕೆ ಸೇರಿದರೆ, ಪುಟ್ಟ ಮಕ್ಕಳಲ್ಲಿ ಅರ್ಧದವರೆಗೂ ಸೇರಬಹುದು. ಹೊಟ್ಟೆ ಖಾಲಿ ಇದ್ದರೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆ ಇದ್ದರೆ ಇನ್ನೂ ಹೆಚ್ಚು. ಮಿದುಳಿಗೆ ಹೋದ ಮೇಲೆ ನರಕೋಶಗಳ ಮಧ್ಯೆ ಕ್ಯಾಲ್ಸಿಯಂ ಮಾಡಬೇಕಾದ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ರಕ್ತದಲ್ಲಿರುವ ಸೀಸ ಒಂದು ತಿಂಗಳ ಸುಮಾರಿಗೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಎಲುಬಿಗೆ ಹೋಗಿ ಕೂತದ್ದು ದಶಕಗಟ್ಟಲೆ ಠೇವಣಿ! ಹೆಣ್ಣುಮಗಳು ಗರ್ಭಿಣಿಯಾದಾಗ ಅವಳ ಎಲುಬಿನಿಂದ ಮಗುವಿಗೆ ಕ್ಯಾಲ್ಸಿಯಂ ಹೋಗುತ್ತದಲ್ಲ, ಆಗ ಈ ಹಳೆಯ ಠೇವಣಿಯೂ ಜೊತೆಗೆ ಹೊರಡುತ್ತದೆ. ತಾಯಿ ಚಿಕ್ಕವಳಿದ್ದಾಗ ಉಸಿರಾಡಿದ್ದರಲ್ಲಿ ಮಗುವಿಗೂ ಪಾಲು.

ಇದು ಮಕ್ಕಳಿಗೆ ವಿಷ ಅನ್ನುವುದು ಹೊಸ ವಿಷಯವೇನಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ವೈದ್ಯರು 1904ರಲ್ಲೇ ಮನೆಯ ಜಗಲಿಯ ಕಟಾಂಜನಕ್ಕೆ ಬಳಿದ ಬಣ್ಣದಿಂದ ಮಕ್ಕಳಿಗೆ ಸೀಸದ ವಿಷ ಏರುತ್ತಿದೆ ಎಂದು ತೋರಿಸಿದ್ದರು. ಇಷ್ಟು ಗೊತ್ತಿದ್ದೂ 1921ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಥಾಮಸ್ ಮಿಡ್ಜ್ಲಿ, ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿದರೆ ಎಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆ ಎಂದು ಕಂಡುಹಿಡಿದ. 1923ರಲ್ಲಿ ಅದು ಮಾರಾಟಕ್ಕೆ ಬಂತು. ಹೆಸರು 'ಎಥಿಲ್'. ಸೀಸ ಎನ್ನುವ ಶಬ್ದವೇ ಹೆಸರಿನಲ್ಲಿ ಇಲ್ಲ, ಜಾಣತನ ನೋಡಿ! ಮರುವರ್ಷ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಇದನ್ನು ತಯಾರಿಸುತ್ತಿದ್ದ ಕಾರ್ಖಾನೆಯಲ್ಲಿ ಐವರು ಕೆಲಸಗಾರರು ಬುದ್ಧಿಭ್ರಮಣೆಯಾಗಿ, ಒದ್ದಾಡಿ ಸತ್ತರು. ಮಿಡ್ಜ್ಲಿಗೂ ಸೀಸದ ವಿಷ ತಟ್ಟಿ ವಿಶ್ರಾಂತಿಗೆ ಹೋಗಬೇಕಾಗಿತ್ತು. ಆದರೂ ಆ ಪೆಟ್ರೋಲ್ ಇಡೀ ಜಗತ್ತಿಗೆ ಹಬ್ಬಿತು.

ಅದನ್ನು ಅಲುಗಾಡಿಸಿದ್ದು ಲೆಕ್ಕ ಇಡುವ ಜನ. 1965ರಲ್ಲಿ ಕ್ಲೇರ್ ಪ್ಯಾಟರ್ಸನ್ ಎಂಬ ಭೂರಸಾಯನಶಾಸ್ತ್ರಜ್ಞ, ಈಗಿನ ಮನುಷ್ಯರ ಮೈಯಲ್ಲಿ ಸೀಸ ಸಹಜ ಮಟ್ಟಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ ಎಂದು ಬರೆದು ಕಂಪನಿಗಳ ಸಿಟ್ಟಿಗೆ ಗುರಿಯಾದ. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯ ಬಾಸ್ಟನ್ ಪಕ್ಕದ ಶಾಲೆಗಳ ಒಂದನೇ, ಎರಡನೇ ತರಗತಿಯ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಅದರಲ್ಲಿನ ಸೀಸ ಅಳೆದ. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಪಾಠದಲ್ಲಿ ಗಮನ ನಿಲ್ಲುವುದಿಲ್ಲ ಎಂದು ಮಾಸ್ತರರು ಹೇಳಿದ್ದೂ ಅಂಥವರ ಬಗ್ಗೆಯೇ ಹೆಚ್ಚು. ಆ ಮಕ್ಕಳು ನೋಡಲು ಆರೋಗ್ಯವಾಗಿಯೇ ಇದ್ದರು. ಜ್ವರ ಇಲ್ಲ, ನೋವು ಇಲ್ಲ. ಖಾತೆಯಿಂದ ದಿನಾ ನಾಲ್ಕಾಣೆ ಕಡಿಮೆಯಾಗುತ್ತ ಹೋದರೆ ಯಾರ ಗಮನಕ್ಕೂ ಬರುವುದಿಲ್ಲವಲ್ಲ, ಹಾಗೆ.

ಈಗ ನಮ್ಮ ಮುಂಬಯಿಗೆ ಬರೋಣ. ನಾನು ಕುಮಟಾ ಕಡೆಯಿಂದ ಇಲ್ಲಿಗೆ ಬಂದದ್ದು 1991ರಲ್ಲಿ. ನಮ್ಮ ಕಡೆಯವರಿಗೆ ಮುಂಬಯಿ ಪರದೇಶವೇನಲ್ಲ, 1956ರವರೆಗೂ ಉತ್ತರ ಕನ್ನಡ ಮುಂಬಯಿ ರಾಜ್ಯದಲ್ಲೇ ಇತ್ತು. ಮದುವೆಯಾದ ಮೇಲೆ ಬೊರಿವಲಿ ಪಶ್ಚಿಮದಲ್ಲಿ ಎಸ್.ವಿ. ರೋಡಿಗೆ ಹತ್ತಿರ ಒಂದು ಬಿ.ಎಚ್.ಕೆ. ಮನೆ. ಬೆಳಿಗ್ಗೆ ಒರೆಸಿದ ಗ್ಯಾಲರಿಯ ಕಟ್ಟೆ ಸಂಜೆಗೆ ಕಪ್ಪು. ಆಗ ಅದು ನಮಗೆ ಬರೀ ಧೂಳು. 1998ರಲ್ಲಿ ನನ್ನ ಮಗ ಹುಟ್ಟಿದ. ಅಂಬೆಗಾಲಿಟ್ಟದ್ದು, ಕೈ ಬಾಯಿಗೆ ಹಾಕಿಕೊಂಡದ್ದು ಎಲ್ಲ ಅದೇ ಧೂಳಿನ ಮೇಲೆ. ನಿಮ್ಮಲ್ಲಿ ಬಹಳ ಜನರ ಮಕ್ಕಳೂ ಹೀಗೆಯೇ ಬೆಳೆದಿರುತ್ತಾರೆ.

ಆ ಧೂಳನ್ನು, ಗಾಳಿಯನ್ನು ಆಗಲೇ ಅಳೆಯುತ್ತಿದ್ದವರು ಇದ್ದರು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು 80 ಮತ್ತು 90ರ ದಶಕಗಳಲ್ಲಿ ಮುಂಬಯಿಯ ಗಾಳಿ, ಊಟ ಮತ್ತು ಮಕ್ಕಳ ರಕ್ತದಲ್ಲಿನ ಸೀಸವನ್ನು ಲೆಕ್ಕ ಹಾಕುತ್ತಿದ್ದರು. ಒಂದು ಘನ ಮೀಟರ್ ಗಾಳಿಯಲ್ಲಿ ಸೀಸ ಒಂದು ಮೈಕ್ರೋಗ್ರಾಂ ಏರಿದರೆ ಮಕ್ಕಳ ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 3.6 ಮೈಕ್ರೋಗ್ರಾಂ ಏರುತ್ತದೆ ಎಂದು ಅವರು ಬರೆದರು. ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಡೆಸಿಲೀಟರ್ ಅಂದರೆ 100 ಮಿಲಿಲೀಟರ್, ಒಂದು ಸಣ್ಣ ಲೋಟದಷ್ಟು. ಆ ಕಾಲದಲ್ಲಿ 10 ಮೈಕ್ರೋಗ್ರಾಂ ದಾಟಿದರೆ ಅಪಾಯ ಎನ್ನುತ್ತಿದ್ದರು. ಸುರಕ್ಷಿತ ಎನ್ನಬಹುದಾದ ಮಟ್ಟ ಯಾವುದೂ ಇಲ್ಲ ಎನ್ನುವುದು ಈಗಿನ ತಿಳಿವಳಿಕೆ.

ದೇಶದ ಕಣ್ಣು ತೆರೆಸಿದ್ದು ಬೆಂಗಳೂರು. ಅಬ್ರಹಾಂ ಜಾರ್ಜ್ ಅವರ ಜಾರ್ಜ್ ಫೌಂಡೇಶನ್ 90ರ ದಶಕದ ಕೊನೆಗೆ ಬೆಂಗಳೂರು, ಮುಂಬಯಿ, ದಿಲ್ಲಿ, ಚೆನ್ನೈ, ಕೋಲ್ಕತಾ, ಹೈದರಾಬಾದ್ ಮುಂತಾದ ಊರುಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷೆ ಮಾಡಿಸಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಕ್ಕಳು 10ರ ಗೆರೆ ದಾಟಿದ್ದರು! 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇದರ ಮೇಲೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ ಕಟ್ಟಿದರು. ಬಣ್ಣ, ಬ್ಯಾಟರಿ, ಆಟಿಕೆ ಅಂತ ಹಿಂದೆ ಬಿದ್ದು, ಕೊನೆಗೆ 'ಭಾರತದ ಲೆಡ್ ಮ್ಯಾನ್' ಎಂದೇ ಹೆಸರಾದರು.

ಪೆಟ್ರೋಲಿನ ಸೀಸ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. 1994ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸ ಕಡಿಮೆ ಇರುವ ಪೆಟ್ರೋಲ್, 1995ರ ಏಪ್ರಿಲ್‌ನಿಂದ ಅಲ್ಲಿನ ಹೊಸ ಕಾರುಗಳಿಗೆ ಸೀಸವಿಲ್ಲದ ಪೆಟ್ರೋಲ್, 2000ದ ಫೆಬ್ರವರಿಯಿಂದ ಇಡೀ ದೇಶಕ್ಕೆ. ಅದರ ನಂತರ ಮುಂಬಯಿಯ ಮಕ್ಕಳ ರಕ್ತವನ್ನು ಮತ್ತೆ ಪರೀಕ್ಷಿಸಿದರು, ವರದಿ 2006ರಲ್ಲಿ ಬಂತು. ಮೊದಲು ನೂರರಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು 10ರ ಗೆರೆ ದಾಟಿದ್ದ ಊರಿನಲ್ಲಿ ಈಗ ಮೂವರಲ್ಲಿ ಒಬ್ಬರು. ಮೂವರಲ್ಲಿ ಒಬ್ಬರು ಅನ್ನುವುದೂ ಸಣ್ಣದಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಇಷ್ಟು ಇಳಿಸಿದ ಕಷಾಯ, ಚೂರ್ಣ, ಮಾತ್ರೆ ಇನ್ನೊಂದಿಲ್ಲ. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ 2021ರಲ್ಲಿ ಇದನ್ನು ನಿಲ್ಲಿಸಿತು.

ಹಾಗಾದರೆ ಅರಿಶಿನ? ಅದಕ್ಕೂ ವೋಚರ್ ಇದೆ, ಇಲ್ಲ ಎನ್ನುವಂತಿಲ್ಲ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅನ್ನು ಬೇರ್ಪಡಿಸಿದ್ದು 1815ರಲ್ಲಿ, ಅದರ ರಚನೆ ತಿಳಿದದ್ದು 1910ರಲ್ಲಿ. ಈ ಅಣುವಿನ ನಡುವೆ ಲೋಹದ ಕಣವನ್ನು ಹಿಡಿದುಕೊಳ್ಳಬಲ್ಲ ಒಂದು ಚಿಮಟ ಇದೆ. ಜೊತೆಗೆ ಸೀಸ ಮಿದುಳಿನಲ್ಲಿ ಎಬ್ಬಿಸುವ ಒಂದು ಬಗೆಯ ತುಕ್ಕನ್ನೂ ಇದು ತಡೆಯುತ್ತದೆ. 2003ರಲ್ಲಿ ಲಖನೌದ ಕೈಗಾರಿಕಾ ವಿಷಶಾಸ್ತ್ರ ಸಂಶೋಧನಾ ಕೇಂದ್ರದವರು ಸೀಸ ಕೊಟ್ಟ ಇಲಿಗಳಿಗೆ ಕರ್ಕ್ಯುಮಿನ್ ಕೊಟ್ಟು ನೋಡಿದರು, ಮಿದುಳಿನ ಹಾನಿ ಕಡಿಮೆಯಾಗಿತ್ತು. ಮರುವರ್ಷ ದಕ್ಷಿಣ ಆಫ್ರಿಕಾದ ರೋಡ್ಸ್ ವಿಶ್ವವಿದ್ಯಾಲಯದವರೂ ಅಂಥದ್ದನ್ನೇ ಕಂಡರು. ನಮ್ಮ ಒಂದೆಲಗದ ಮೇಲೂ ಇಲಿಗಳಲ್ಲಿ ಪ್ರಯೋಗಗಳಾಗಿವೆ. ಇನ್ನು ಮನುಷ್ಯರ ಮೇಲಿನ ಪ್ರಯೋಗ ಬೇಕೆಂದರೆ ಬೆಳ್ಳುಳ್ಳಿ ಇದೆ. ಇರಾನಿನ ಮಶ್ಹದ್‌ನಲ್ಲಿ ಬ್ಯಾಟರಿ ಕಾರ್ಖಾನೆಯ 117 ಕೆಲಸಗಾರರಲ್ಲಿ ಕೆಲವರಿಗೆ ಬೆಳ್ಳುಳ್ಳಿಯ ಮಾತ್ರೆ, ಕೆಲವರಿಗೆ ರೂಢಿಯ ಔಷಧ ನಾಲ್ಕು ವಾರ ಕೊಟ್ಟರು. 2012ರ ಆ ವರದಿಯಂತೆ ಬೆಳ್ಳುಳ್ಳಿಯಿಂದಲೂ ರಕ್ತದ ಸೀಸ ಇಳಿದಿತ್ತು.

ಕನ್ನಡಿಗರಿಗೆ ಖುಷಿ ಕೊಡುವ ಸಂಗತಿಯೂ ಒಂದಿದೆ. ಕರ್ಕ್ಯುಮಿನ್ ನುಂಗಿದರೆ ರಕ್ತಕ್ಕೆ ಸೇರುವುದೇ ಕಷ್ಟ, ಯಕೃತ್ತು ಅದನ್ನು ಬೇಗ ಹೊರಹಾಕುತ್ತದೆ. ಕರಿಮೆಣಸಿನ ಪೈಪರೀನ್ ಜೊತೆಗೆ ಕೊಟ್ಟರೆ ಇಪ್ಪತ್ತು ಪಟ್ಟು ಹೆಚ್ಚು ಸಿಗುತ್ತದೆ ಎಂಬ, ಈಗ ಲೋಕವೆಲ್ಲ ಉಲ್ಲೇಖಿಸುವ 1998ರ ಪ್ರಯೋಗ ನಡೆದದ್ದು ಬೆಂಗಳೂರಿನಲ್ಲಿ, ಅದೇ ಸೇಂಟ್ ಜಾನ್ಸ್ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ! ಒಂದೇ ಕಾಲೇಜು, ಒಂದೇ ಕಾಲ. ಒಂದು ವಿಭಾಗದಲ್ಲಿ ಅರಿಶಿನ ಮತ್ತು ಮೆಣಸು, ಇನ್ನೊಂದರಲ್ಲಿ ಸೀಸ. ಊರಲ್ಲಿ ಅಜ್ಜಿ ಕೆಮ್ಮಿಗೆ ಅರಿಶಿನದ ಹಾಲಿಗೆ ಮೆಣಸಿನ ಪುಡಿ ಉದುರಿಸುತ್ತಿದ್ದದ್ದು ನೆನಪಾಗಿ ನನಗಂತೂ ಹೆಮ್ಮೆ ಅನ್ನಿಸಿತು.

ಆದರೆ ಹೆಮ್ಮೆಯ ನಂತರ ಕೂಡಿಸಿ ಕಳೆಯಬೇಕು. ಆ ಪ್ರಯೋಗದಲ್ಲಿ ಜನರಿಗೆ ಕೊಟ್ಟದ್ದು ಒಂದು ಹೊತ್ತಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್. ಅರಿಶಿನದ ಪುಡಿಯಲ್ಲಿ ಅದು ನೂರಕ್ಕೆ ಸುಮಾರು ಮೂರು ಭಾಗ. ಅಂದರೆ 2 ಗ್ರಾಮಿಗೆ ಸುಮಾರು 65 ಗ್ರಾಂ ಪುಡಿ ಬೇಕು. ನಮ್ಮ ಸಾರು ಪಲ್ಯಕ್ಕೆ ಬೀಳುವುದು ಒಂದು ಚಿಟಿಕೆ. ಅದೂ ಅಲ್ಲದೆ ಅವರು ಅಳೆದದ್ದು ರಕ್ತದಲ್ಲಿ ಕರ್ಕ್ಯುಮಿನ್ ಎಷ್ಟು ಅಂತ, ಸೀಸ ಎಷ್ಟು ಹೋಯಿತು ಅಂತಲ್ಲ. ಇಲಿಗೂ ನಮಗೂ ವ್ಯತ್ಯಾಸ ಇದೆ. ಬೆಳ್ಳುಳ್ಳಿ ತಿಂದವರು ದುಡಿಯುವ ದೊಡ್ಡವರು, ಅಂಬೆಗಾಲಿಡುವ ಮಕ್ಕಳಲ್ಲ.

ಇನ್ನೂ ಒಂದು ಮುಖ್ಯ ವಿಷಯ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ನಿಜವಾದ ಔಷಧಗಳೇ ಇವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡ್‌ನಲ್ಲಿ ವಿಷಾನಿಲಕ್ಕೆ ಪ್ರತಿಯಾಗಿ ಹುಟ್ಟಿದ ಔಷಧದಿಂದ ಆ ವಂಶ ಶುರು. ಅದರಲ್ಲೊಂದು ಸಕ್ಸಿಮರ್. ಅಮೆರಿಕದಲ್ಲಿ ಮಧ್ಯಮ ಮಟ್ಟದ ಸೀಸವಿದ್ದ 780 ಮಕ್ಕಳ ಮೇಲೆ ಇದರ ದೊಡ್ಡ ಪ್ರಯೋಗ ನಡೆದು 2001ರಲ್ಲಿ ಫಲಿತಾಂಶ ಬಂತು. ರಕ್ತದ ಸೀಸ ಇಳಿಯಿತು. ಬುದ್ಧಿಯ ಪರೀಕ್ಷೆಯಲ್ಲಿ ಮಾತ್ರ, ಔಷಧ ತೆಗೆದುಕೊಂಡವರಿಗೂ ಬರೀ ಹುಸಿ ಮಾತ್ರೆ ನುಂಗಿದವರಿಗೂ ಹೆಚ್ಚುಕಡಿಮೆ ಇರಲಿಲ್ಲ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ವಸೂಲಾಗದ ಸಾಲವನ್ನು ಪುಸ್ತಕದಿಂದ ತೆಗೆದುಹಾಕಿದರೆ ಪುಸ್ತಕ ಚೊಕ್ಕಟವಾಗುತ್ತದೆ, ಹೋದ ದುಡ್ಡು ವಾಪಸು ಬರುವುದಿಲ್ಲ. ಸೀಸ ಬಹಳ ಏರಿದ ಮಕ್ಕಳ ಜೀವ ಉಳಿಸಲು ಈ ಔಷಧಗಳು ಬೇಕೇ ಬೇಕು. ಆದರೆ ಮಿದುಳು ಉಳಿಯುವುದು ಸೀಸ ಒಳಗೆ ಬರುವ ಮೊದಲು.

ಈಗ ಕಥೆಯ ಅತ್ಯಂತ ಕಹಿಯಾದ ಭಾಗ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಿರುವುದು ಕಂಡಿತು. ಅಲ್ಲಿ ಅಷ್ಟೊಂದು ವಾಹನ ಇಲ್ಲ, ಕಾರ್ಖಾನೆ ಇಲ್ಲ. ಎಲ್ಲಿಂದ ಬಂತು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆನ್ನಾ ಫೋರ್ಸಿತ್ ಮತ್ತು ಢಾಕಾದ ಸಂಶೋಧಕರು ಹುಡುಕುತ್ತ ಹೋಗಿ 2019ರಲ್ಲಿ ಉತ್ತರ ಹೇಳಿದರು: ಅರಿಶಿನ! 80ರ ದಶಕದಲ್ಲಿ ಅಲ್ಲಿ ದೊಡ್ಡ ನೆರೆ ಬಂದು ಅರಿಶಿನದ ಕೊಂಬು ಒದ್ದೆಯಾಗಿ ಬಣ್ಣ ಮಾಸಿತಂತೆ. ಮಾಸಿದ ಕೊಂಬನ್ನು ಯಾರು ಕೊಳ್ಳುತ್ತಾರೆ? ಪಾಲಿಶ್ ಮಾಡುವಾಗ ಹಳದಿ ಮೆರುಗಿಗೆ ಲೆಡ್ ಕ್ರೋಮೇಟ್ ಎಂಬ ಬಣ್ಣದ ಪುಡಿ ಹಾಕಲು ಶುರು ಮಾಡಿದರು. ಅದು ಸೀಸದ ಸಂಯುಕ್ತ, ಕೈಗಾರಿಕೆಯ ಬಣ್ಣಕ್ಕೆ ಬಳಸುವಂಥದ್ದು. ಮಿದುಳನ್ನು ಸೀಸದಿಂದ ಕಾಯುತ್ತದೆ ಎಂದು ಇಲಿಗಳಲ್ಲಿ ಕಂಡ ಅದೇ ಅರಿಶಿನ, ತಾಯಂದಿರ ಹೊಟ್ಟೆಗೆ ಸೀಸ ಹೊತ್ತು ತಂದಿತ್ತು.

ಅಲ್ಲಿನ ಸರ್ಕಾರ ಸುಮ್ಮನೆ ಕೂರಲಿಲ್ಲ. ಪತ್ರಿಕೆಗಳಲ್ಲಿ ಎಚ್ಚರಿಕೆ, ಮಂಡಿಗಳಲ್ಲಿ ತಪಾಸಣೆ, ತಪ್ಪಿತಸ್ಥರಿಗೆ ದಂಡ. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಇದ್ದದ್ದು 2021ಕ್ಕೆ ಸೊನ್ನೆಗೆ ಇಳಿಯಿತು. ಎರಡೇ ವರ್ಷ!

ನಮ್ಮ ದೇಶ ಇದರಿಂದ ಹೊರತಾಗಿಲ್ಲ. ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾದ 23 ನಗರಗಳ ಅರಿಶಿನವನ್ನು ಪರೀಕ್ಷಿಸಿದ ಅಧ್ಯಯನ 2024ರಲ್ಲಿ ಬಂತು. ನೂರಕ್ಕೆ 14 ಮಾದರಿಗಳಲ್ಲಿ ಸೀಸ ಕಂಡಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಗ್ರಾಮಿಗೆ 10 ಮೈಕ್ರೋಗ್ರಾಂ. ಪಾಟ್ನಾದ ಒಂದು ಮಾದರಿಯಲ್ಲಿ ಅದು ಎರಡು ಸಾವಿರ ದಾಟಿತ್ತು. ಪೊಟ್ಟಣದ ಅರಿಶಿನಕ್ಕಿಂತ ಪಾಲಿಶ್ ಮಾಡಿದ ಕೊಂಬು, ಬಿಡಿ ಪುಡಿಗಳಲ್ಲೇ ಹೆಚ್ಚು. ಮುಂಬಯಿಯಲ್ಲಿ ನಾವು ಬಿಡಿ ಪುಡಿ ಕೊಳ್ಳುವಾಗ 'ಇದು ಒಳ್ಳೇ ಹಳದಿ ಇದೆ, ಇದನ್ನೇ ಕೊಡಿ' ಅನ್ನುತ್ತೇವಲ್ಲ, ಆ ಮಾತನ್ನು ಬಿಡಬೇಕು. ನಮ್ಮ ಕಣ್ಣಿಗೆ ಬೇಕಾದ ಹಳದಿಯೇ ಈ ವ್ಯಾಪಾರದ ಬಂಡವಾಳ.

ಪರದೇಶದಲ್ಲಿರುವ ಮಕ್ಕಳಿಗೆ ಔಷಧ ಕಳಿಸುವವರಿಗೂ ಒಂದು ಮಾತು. ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು ಎಂದು 2004ರಲ್ಲಿ ವರದಿಯಾಯಿತು. ಆಯುರ್ವೇದವನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಭಸ್ಮಗಳಲ್ಲಿ ಲೋಹ ಬಳಸುವ ರಸಶಾಸ್ತ್ರದ ಪರಂಪರೆಯೇ ಬೇರೆ ಇದೆ, ಅದು ವೈದ್ಯರ ಕೈಯಲ್ಲಿ ಇರಬೇಕಾದ್ದು. ಬಿಲ್ಲು, ಲೇಬಲ್ಲು ಇಲ್ಲದ ಪುಡಿಯನ್ನು 'ಗಿಡಮೂಲಿಕೆ ತಾನೇ' ಎಂದು ಮಕ್ಕಳಿಗೆ ತಿನ್ನಿಸಬೇಡಿ. ಒಂದೆಲಗವೂ ಅಷ್ಟೇ. ನಮ್ಮ ಅಮ್ಮ ಊರಿಂದ ತಂದು ಗ್ಯಾಲರಿಯ ಕುಂಡದಲ್ಲಿ ನೆಟ್ಟದ್ದರ ತಂಬುಳಿ ನಾವು ಇಂದಿಗೂ ಉಣ್ಣುತ್ತೇವೆ. ಆದರೆ ಗಟಾರದ ಅಂಚಿನಲ್ಲಿ, ರೈಲ್ವೆ ಹಳಿಯ ಬದಿಯ ಕೊಳಕು ನೀರಿನಲ್ಲಿ ಬೆಳೆದ ಸೊಪ್ಪು ಮಣ್ಣಿನ ಲೋಹವನ್ನು ತಾನೇ ಹೀರಿಕೊಂಡಿರುತ್ತದೆ.

ಹಾಗಾದರೆ ತಟ್ಟೆಯಲ್ಲಿ ಏನೂ ಉಪಾಯ ಇಲ್ಲವೇ? ಇದೆ, ಅದು ಬಹಳ ಸಾದಾ. ಕಬ್ಬಿಣ, ಕ್ಯಾಲ್ಸಿಯಂ ಸಾಕಷ್ಟು ಇರುವ ಮಗುವಿನ ಹೊಟ್ಟೆ ಸೀಸವನ್ನು ಕಡಿಮೆ ಹೀರುತ್ತದೆ. ಅವುಗಳ ಕೊರತೆ ಇರುವ ಮಕ್ಕಳಲ್ಲಿ ಸೀಸ 5 ಮೈಕ್ರೋಗ್ರಾಂ ಮುಟ್ಟಿದ್ದರೆ ಅವನ್ನು ಪೂರೈಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ರಾಗಿ ಅಂಬಲಿ, ಹಾಲು, ಹರಿವೆ, ನುಗ್ಗೆ ಸೊಪ್ಪು, ಕಬ್ಬಿಣ ಹೀರಿಕೊಳ್ಳಲು ನೆರವಾಗುವ ನೆಲ್ಲಿಕಾಯಿ... ಬೆಳಿಗ್ಗೆ ಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಕಳಿಸದಿರುವುದು. ಆಟ ಮುಗಿಸಿ ಬಂದವರ ಕೈ ತೊಳೆಸುವುದು, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಮನೆಗೆ ಬಣ್ಣ ಹೊಡೆಸುವಾಗ ಡಬ್ಬಿ ನೋಡಿ. 2017ರ ನವೆಂಬರ್‌ನಿಂದ ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ಕಾನೂನಿದೆ. ಹಳೆಯ ಬಣ್ಣ ಕೆರೆಯುವ ದಿನ ಪುಟ್ಟ ಮಕ್ಕಳು, ಗರ್ಭಿಣಿಯರು ಮನೆಯಲ್ಲಿ ಇರದಿರುವುದು ಒಳ್ಳೆಯದು. ಅರಿಶಿನದ ಕೊಂಬನ್ನು ಒಂದು ಲೋಟ ನೀರಿಗೆ ಹಾಕಿ. ತಕ್ಷಣ ಗಾಢ ಹಳದಿ ಬಿಟ್ಟರೆ ಅದನ್ನು ಬಳಸಬೇಡಿ. ಬಿಡದಿದ್ದರೂ ಪೂರ್ತಿ ಖಾತ್ರಿ ಬೇಕೆಂದರೆ ಪ್ರಯೋಗಾಲಯವೇ ಗತಿ. ಯಾರ ಮನೆಯಲ್ಲಾದರೂ ಬ್ಯಾಟರಿ ರಿಪೇರಿಯೋ ಬಣ್ಣದ ಕೆಲಸವೋ ಇದ್ದರೆ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷಿಸಲು ವೈದ್ಯರನ್ನು ಕೇಳಿ.

2020ರ ಯುನಿಸೆಫ್ ವರದಿಯ ಪ್ರಕಾರ ಜಗತ್ತಿನ ಮೂವರಲ್ಲಿ ಒಂದು ಮಗುವಿನ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಇದೆ, ಅದರಲ್ಲಿ ನಮ್ಮ ದೇಶದ ಮಕ್ಕಳೇ 27 ಕೋಟಿಗೂ ಹೆಚ್ಚು. ಇದು ಯಾರ ಮನೆಯ ಜಮಾಖರ್ಚಿನಲ್ಲೂ ಕಾಣದ ನಷ್ಟ.

ಅರಿಶಿನವನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅದು ನಮ್ಮ ಶುಭ, ನಮ್ಮ ಸಾರು, ನಮ್ಮ ಗಾಯದ ಮದ್ದು. ಅದರ ತಲೆಯ ಮೇಲೆ ಅದು ಹೊರಲಾರದ ಕೆಲಸ ಹೊರಿಸಬಾರದು, ಅಷ್ಟೇ. ನಮ್ಮ ಮಕ್ಕಳ ಮಿದುಳನ್ನು ಕಾದವರ ಪಟ್ಟಿ ಬರೆಯಲು ಕೂತರೆ ಹಾಲುಹಲ್ಲು ಕೂಡಿಟ್ಟ ವೈದ್ಯ, ಟ್ರಾಂಬೆಯಲ್ಲಿ ಗಾಳಿ ಅಳೆದವರು, ಬೆಂಗಳೂರಿನಲ್ಲಿ ಸಾವಿರಾರು ಮಕ್ಕಳ ರಕ್ತ ತೆಗೆದು ಲೆಕ್ಕ ಇಟ್ಟವರು, ಢಾಕಾದಲ್ಲಿ ಕೊಂಬು ಕೊಂಬಾಗಿ ಅರಿಶಿನ ಪರೀಕ್ಷಿಸಿದವರು ಬರುತ್ತಾರೆ. ಇವರಲ್ಲಿ ಹೆಚ್ಚಿನವರ ಹೆಸರು ನಮಗೆ ಗೊತ್ತಿಲ್ಲ. ಎಸ್.ವಿ. ರೋಡಿನ ಗ್ಯಾಲರಿಯಲ್ಲಿ ಈಗಲೂ ಧೂಳು ಕೂರುತ್ತದೆ, ಆದರೆ ಪೆಟ್ರೋಲಿನ ಸೀಸ ಅದಕ್ಕೆ ಹೊಸದಾಗಿ ಸೇರುವುದು ನಿಂತು ಕಾಲು ಶತಮಾನವಾಯಿತು. ಆ ಋಣ ದೊಡ್ಡದು.

ನಿಮ್ಮ ಮನೆಗೆ ಅರಿಶಿನ ಎಲ್ಲಿಂದ ಬರುತ್ತದೆ? ಊರಿನ ಹಿತ್ತಿಲಿನದೋ, ಸಾಂಗ್ಲಿಯದೋ, ಮೂಲೆಯ ಅಂಗಡಿಯ ಬಿಡಿ ಪುಡಿಯೋ? ಒಮ್ಮೆ ವಿಚಾರಿಸಿ ನೋಡಿ.